ಜೂನ್‌ನಿಂದ ಮಾರ್ಚ್‌ವರೆಗೆ: ಕಥೋಲಿಕ ಹಬ್ಬಗಳು ಮತ್ತು ಶಾಲೆ

ಕಥೋಲಿಕ ಶಾಲೆಯಲ್ಲಿ ಓದುವ ಮಗುವನ್ನು ಕೇಳಿ, ಕ್ರೈಸ್ತರ ದೊಡ್ಡ ಹಬ್ಬ ಯಾವುದು ಅಂತ. ಹೆಚ್ಚಿನವರು ಕ್ರಿಸ್‌ಮಸ್ ಅನ್ನುತ್ತಾರೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಲೆಕ್ಕದಲ್ಲಿ ಈ ಉತ್ತರ ಸರಿಯಲ್ಲ. ಎಲ್ಲಕ್ಕಿಂತ ದೊಡ್ಡದು ಈಸ್ಟರ್, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದನ್ನು ನೆನೆಯುವ ಪಾಸ್ಖ ಹಬ್ಬ. ಹಾಗಂತ ಮಗುವನ್ನು ದೂರುವ ಹಾಗಿಲ್ಲ. ಈಸ್ಟರ್ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ. ಕರ್ನಾಟಕದ ಶಾಲೆಗಳಲ್ಲಿ ಆಗ ಒಂದೋ ಪರೀಕ್ಷೆ, ಇಲ್ಲ ಬೇಸಿಗೆ ರಜೆ. ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುತ್ತಾರೆ, ನಾಟಕ ಮಾಡುತ್ತಾರೆ, ಕೇಕ್ ಹಂಚುತ್ತಾರೆ. ಈಸ್ಟರ್‌ಗೆ ಶಾಲೆಯ ಗೇಟೇ ಮುಚ್ಚಿರುತ್ತದೆ.

ಕಥೋಲಿಕ ಶಾಲೆಗಳಲ್ಲಿ ಪಾಠ ಮಾಡಲು ಹೊರಟಿರುವ ಬಿ.ಎಡ್. ಗೆಳೆಯರು ಮೊದಲು ಗಮನಿಸಬೇಕಾದದ್ದು ಇದನ್ನೇ. ಧರ್ಮಸಭೆಯ ವರ್ಷ ಬೇರೆ, ಶಾಲೆಯ ವರ್ಷ ಬೇರೆ. ಜೂನ್‌ನಿಂದ ಮಾರ್ಚ್‌ವರೆಗೆ ಬೀಳುವ ಹಬ್ಬಗಳಷ್ಟೇ ಮಕ್ಕಳ ಕಣ್ಣಿಗೆ ಬೀಳುತ್ತವೆ. ನಮ್ಮಲ್ಲಿ ಅನೇಕರು ಕಥೋಲಿಕರಲ್ಲ. ನಾವು ಕಲಿಸುವ ಮಕ್ಕಳಲ್ಲೂ ಹಲವರು ಅಲ್ಲ. ಯಾವ ಹಬ್ಬ ಏನು ಹೇಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಎಲ್ಲವೂ ಸುಮ್ನೆ ಒಂದು ಸ್ಟೇಜ್ ಪ್ರೋಗ್ರಾಂ ಆಗಿಬಿಡುತ್ತದೆ.

ಚಂದ್ರನ ಲೆಕ್ಕದ ಹಬ್ಬಗಳು

ಧರ್ಮಸಭೆಯ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕನೇ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ, ಆಗಮನ ಕಾಲದಿಂದ, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ದಿನಗಳಿಂದ, ಶುರು. ಕೆಲವು ಹಬ್ಬಗಳಿಗೆ ಖಾಯಂ ತಾರೀಕು ಇದೆ, ಕೆಲವು ಪ್ರತಿ ವರ್ಷ ಸರಿಯುತ್ತವೆ. ಸರಿಯುವ ಹಬ್ಬಗಳಲ್ಲಿ ಹೆಚ್ಚಿನವಕ್ಕೆ ಈಸ್ಟರೇ ಮೂಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಹಿಡಿಯಿರಿ. ಅದರ ಮುಂದಿನ ಭಾನುವಾರ ಈಸ್ಟರ್. 2024ರಲ್ಲಿ ಅದು ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ತಿಥಿ ನೋಡಿ ಹಬ್ಬ ಮಾಡುವ ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ, ಅಲ್ವಾ?

ಈಸ್ಟರ್‌ನಿಂದ 46 ದಿನ ಹಿಂದೆ ಹೋದರೆ ಬೂದಿ ಬುಧವಾರ. ನಡುವಿನ ಭಾನುವಾರಗಳನ್ನು ಬಿಟ್ಟರೆ 40 ದಿನ, ಅದೇ ತಪಸ್ಸು ಕಾಲ. ಬೂದಿ ಬುಧವಾರ ಬೀಳುವುದು ಫೆಬ್ರವರಿ 4ರಿಂದ ಮಾರ್ಚ್ 10ರ ಒಳಗೆ. ಶಾಲೆ ಆಗ ನಡೆಯುತ್ತಿರುತ್ತದೆ. ಹತ್ತನೇ ಕ್ಲಾಸಿನವರು ಪ್ರಿಪರೇಟರಿ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ. ಬೆಳಗಿನ ಬಲಿಪೂಜೆಗೆ (ಚರ್ಚಿನ ಮಾಸ್) ಹೋದ ಮಕ್ಕಳು ಹಣೆಯಲ್ಲಿ ಬೂದಿಯ ಗುರುತು ಹಾಕಿಸಿಕೊಂಡು ಕ್ಲಾಸಿಗೆ ಬರುತ್ತಾರೆ. ಪಕ್ಕದ ಬೆಂಚಿನವರು ಕೇಳಿಯೇ ಕೇಳುತ್ತಾರೆ. ಆಗ ಹೇಳಿ: ಹಿಂದಿನ ವರ್ಷ ಗರಿಗಳ ಹಬ್ಬಕ್ಕೆ (ಈಸ್ಟರ್‌ನ ಹಿಂದಿನ ಭಾನುವಾರ) ಹಿಡಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು, ಅದನ್ನು ನೆನಪಿಡು ಅಂತ ಅದರ ಅರ್ಥ. ವಿಭೂತಿ ಹಚ್ಚುವ ಮನೆಯ ಮಕ್ಕಳಿಗೆ ಇಷ್ಟು ಸಾಕು. ಆದರೆ "ಎರಡೂ ಒಂದೇ" ಅಂತ ಹೇಳಿ ಮುಗಿಸಬೇಡಿ. ಇಲ್ಲಿನ ಬೂದಿ ಪಶ್ಚಾತ್ತಾಪದ ಗುರುತು. ಆ ವ್ಯತ್ಯಾಸ ಮಕ್ಕಳಿಗೆ ತಿಳಿದರೆ ಒಳ್ಳೆಯದೇ.

ತಪಸ್ಸು ಕಾಲದಲ್ಲಿ ಮೂರು ಕೆಲಸ: ಪ್ರಾರ್ಥನೆ, ಉಪವಾಸ, ದಾನ. ಶಾಲೆಗೆ ಚೆನ್ನಾಗಿ ಹೊಂದುವುದು ಮೂರನೆಯದು. ಉಪವಾಸದ ವಿಷಯದಲ್ಲಿ ಮಾತ್ರ ಎಚ್ಚರ. ಧರ್ಮಸಭೆಯ ಕಾನೂನಿನ ಪ್ರಕಾರ ಉಪವಾಸದ ಕಟ್ಟುಪಾಡು 18 ವರ್ಷ ತುಂಬಿದವರಿಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಹಾಗಾಗಿ ಐದನೇ ಕ್ಲಾಸಿನ ಮಗುವಿಗೆ ಮಧ್ಯಾಹ್ನದ ಊಟ ಬಿಡು ಅಂತ ಯಾವ ಟೀಚರೂ ಹೇಳಬೇಕಾಗಿಲ್ಲ. ತಿಂಡಿ ಕಾಸು ಉಳಿಸಿ ಡಬ್ಬಿಗೆ ಹಾಕುವುದು ಬೇರೆ ಮಾತು. ಅದನ್ನು ಯಾವ ಮನೆಯ ಮಗುವೂ ಮಾಡಬಹುದು. ಇನ್ನೊಂದು ಸಣ್ಣ ಮಾತು. ಶುಭ ಶುಕ್ರವಾರ (ಗುಡ್ ಫ್ರೈಡೇ) ಯೇಸು ಶಿಲುಬೆಯ ಮೇಲೆ ಸತ್ತ ದಿನ. ಸ್ಟಾಫ್ ಗ್ರೂಪಿನಲ್ಲಿ ಅವತ್ತು 'ಹ್ಯಾಪಿ' ಅಂತ ಹೂಗುಚ್ಛದ ಚಿತ್ರ ಹಾಕಬೇಡಿ.

ಈಸ್ಟರ್ ಲೆಕ್ಕದಲ್ಲಿ ಬರುವ ಒಂದು ದೊಡ್ಡ ಹಬ್ಬ ಶಾಲೆ ತೆರೆದ ಹೊಸತರಲ್ಲೇ ಸಿಗುತ್ತದೆ. ಅದು ಯೇಸುವಿನ ಪವಿತ್ರ ಹೃದಯದ ಹಬ್ಬ. ಈಸ್ಟರ್ ಆದ 68ನೇ ದಿನ, ಯಾವಾಗಲೂ ಶುಕ್ರವಾರ. ಮೇ 29ಕ್ಕಿಂತ ಮೊದಲು ಬರುವುದಿಲ್ಲ, ಜುಲೈ 2 ದಾಟುವುದಿಲ್ಲ. ಹೊಸ ಕ್ಲಾಸು, ಹೊಸ ಮಕ್ಕಳು ಇರುವಾಗ, ದೇವರ ಪ್ರೀತಿಯನ್ನು ನೆನೆಯುವ ಈ ಹಬ್ಬ ಒಳ್ಳೆಯ ಆರಂಭ. ಎಷ್ಟೋ ಶಾಲೆಗಳು ಈ ಹೆಸರನ್ನೇ ಇಟ್ಟುಕೊಂಡಿವೆ.

ಸಂತರ ದಿನ ಅಂದರೆ ಯಾವ ದಿನ?

ಸಂತರ ಹಬ್ಬ ಅಂದರೆ ಅವರ ಜಯಂತಿ ಅಂತ ಅಂದುಕೊಳ್ಳುವುದು ಸಹಜ. ಸಾಮಾನ್ಯವಾಗಿ ಅದು ಅವರು ತೀರಿಕೊಂಡ ದಿನ. ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ ಧರ್ಮಸಭೆ ನೋಡುತ್ತದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡದ್ದು 1552ರ ಡಿಸೆಂಬರ್ 3, ಹಬ್ಬವೂ ಅವತ್ತೇ. ಇಗ್ನೇಷಿಯಸ್ ಲೊಯೋಲಾ ಅವರದು 1556ರ ಜುಲೈ 31. ಡಾನ್ ಬಾಸ್ಕೊ ಅವರದು 1888ರ ಜನವರಿ 31. ಭೂಮಿಯ ಮೇಲೆ ಹುಟ್ಟಿದ ದಿನವನ್ನು ಹಬ್ಬ ಮಾಡುವುದು ಮೂವರಿಗೆ ಮಾತ್ರ: ಯೇಸು (ಡಿಸೆಂಬರ್ 25), ಮರಿಯಮ್ಮ (ಸೆಪ್ಟೆಂಬರ್ 8), ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ (ಜೂನ್ 24).

ನಿಯಮ ಸಡಿಲವಾಗುವುದೂ ಉಂಟು. ಸಂತ ತೆರೇಸಾ, ನಾವು ಲಿಟಲ್ ಫ್ಲವರ್ ಅನ್ನುವವರು, ತೀರಿಕೊಂಡದ್ದು 1897ರ ಸೆಪ್ಟೆಂಬರ್ 30. ಆ ದಿನ ಸಂತ ಜೆರೋಮರದು. ಹಾಗಾಗಿ ಇವರ ಹಬ್ಬ ಅಕ್ಟೋಬರ್ 1. 1921ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಥನಿ ಸಂಸ್ಥೆಯ ಸಿಸ್ಟರ್‌ಗಳಿಗೆ ಇವರೇ ಪಾಲಕಿ, ಅಂದರೆ ಕಾಯುವ ಸಂತೆ. ಅವರ ಶಾಲೆಗಳಲ್ಲಿ ಅಕ್ಟೋಬರ್ 1 ದೊಡ್ಡ ದಿನ, ಪಕ್ಕದ ಶಾಲೆಯಲ್ಲಿ ಮಾಮೂಲಿ ದಿನ. ಯಾವ ಶಾಲೆಯಲ್ಲಿ ಯಾವ ಸಂತರಿಗೆ ಜೋರು ಹಬ್ಬ ಅನ್ನುವುದು, ಆ ಶಾಲೆ ನಡೆಸುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಇಗ್ನೇಷಿಯಸ್ ಕಟ್ಟಿದ ಜೆಸುಯಿಟ್ ಸಭೆಯ ಶಾಲೆಗೆ ಜುಲೈ 31, ಡಾನ್ ಬಾಸ್ಕೊ ಕಟ್ಟಿದ ಸಲೇಶಿಯನ್ ಸಭೆಯ ಶಾಲೆಗೆ ಜನವರಿ 31, ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರ್‌ಗಳ ಶಾಲೆಗೆ ಜುಲೈ 16ರ ಕಾರ್ಮೆಲ್ ಮಾತೆಯ ಹಬ್ಬ. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಆಫೀಸಿನಲ್ಲಿ ಕೇಳಿಕೊಳ್ಳಿ.

ಪಾಲಕ ಸಂತರ ಹಬ್ಬ ಹೇಗಿರಬಹುದು ಅನ್ನುವುದಕ್ಕೆ ಸಂತ ಅಲೋಶಿಯಸ್ ಒಳ್ಳೆಯ ಉದಾಹರಣೆ. ಮಂಗಳೂರಿನಲ್ಲಿ ಜೆಸುಯಿಟರು 1880ರಲ್ಲಿ ಕಟ್ಟಿದ ಕಾಲೇಜು ಇವರ ಹೆಸರಿನದು. ಅಲ್ಲಿನ ಚಾಪೆಲಿನ ಒಳಗೆಲ್ಲ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳಿವೆ. ಅಲೋಶಿಯಸರ ಬದುಕನ್ನು ಚಾವಣಿಯ ಮೇಲೆ ನೋಡಬಹುದು. 1568ರಲ್ಲಿ ಹುಟ್ಟಿದ ಇವರು ದೊಡ್ಡ ಜಮೀನ್ದಾರಿ ಮನೆತನದ ಹಿರಿಮಗ. ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ರೋಮ್‌ನಲ್ಲಿ ಜೆಸುಯಿಟ್ ಸಭೆ ಸೇರಿದರು. ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಸೇವೆಗೆ ಇಳಿದರು, ಅದೇ ರೋಗ ತಗುಲಿ 1591ರ ಜೂನ್ 21ರಂದು ತೀರಿಕೊಂಡರು. ಆಗ ವಯಸ್ಸು 23. 1729ರಲ್ಲಿ ಇವರನ್ನು ಯುವಜನರ ಪಾಲಕ ಎಂದು ಘೋಷಿಸಿದರು.

ನನ್ನ ದೂರು ಒಂದಿದೆ. ಶಾಲೆಯ ಪಟಗಳಲ್ಲಿ ಅಲೋಶಿಯಸ್ ಅಂದರೆ ಕೈಯಲ್ಲಿ ಲಿಲ್ಲಿ ಹೂವು, ತಗ್ಗಿಸಿದ ಕಣ್ಣು. ಅದನ್ನು ನೋಡಿ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಏನೂ ಅನ್ನಿಸುವುದಿಲ್ಲ. ಬೀದಿಯಲ್ಲಿ ಬಿದ್ದ ರೋಗಿಯನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದ ಇಪ್ಪತ್ಮೂರರ ಹುಡುಗ ಅಂದರೆ ಕಿವಿ ನಿಮಿರುತ್ತದೆ. ಕೊರೊನಾ ಕಾಲ ನೋಡಿದ ಮಕ್ಕಳಿಗಂತೂ ಬೇರೆ ವಿವರಣೆಯೇ ಬೇಡ. ಜೂನ್ 21 ಯೋಗ ದಿನವೂ ಹೌದು, ಹಾಗಾಗಿ ಬೆಳಗಿನ ಹೊತ್ತು ಮೈದಾನಕ್ಕೆ ಎರಡು ಕಡೆಯಿಂದ ಬೇಡಿಕೆ. ಟೈಮ್‌ಟೇಬಲ್ ಮಾಡುವವರ ಪಾಡು ಅವರಿಗೇ ಗೊತ್ತು.

ಸೆಪ್ಟೆಂಬರ್ 8

ಕರಾವಳಿಯಲ್ಲಿ ಮಕ್ಕಳ ಹಬ್ಬ ಅಂತ ಒಂದನ್ನು ಆರಿಸು ಅಂದರೆ ನಾನು ಮೊಂತಿ ಫೆಸ್ತ್ ಅನ್ನುತ್ತೇನೆ. ಮರಿಯಮ್ಮನವರು ಹುಟ್ಟಿದ ದಿನ, ಜೊತೆಗೆ ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿದ್ದ ಗೋವಾದ ಫಾದರ್ ಜೋಕಿಂ ಮಿರಾಂದಾ 18ನೇ ಶತಮಾನದಲ್ಲಿ ಇದನ್ನು ಶುರು ಮಾಡಿದರು ಎಂದು ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಅಂದರೆ ಹಬ್ಬಕ್ಕೆ ಮೊದಲಿನ ಪ್ರಾರ್ಥನೆ. ಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ, ಸಿಕ್ಕಿದ ಚೀಲದಲ್ಲಿ ಹೂ ತುಂಬಿಕೊಂಡು ಬರುತ್ತಾರೆ. ಬಾಲ ಮರಿಯಮ್ಮನ ಪ್ರತಿಮೆಯ ಮುಂದೆ ಸಾಲಾಗಿ ಕೊಂಕಣಿಯಲ್ಲಿ ಹಾಡುತ್ತಾ ಹೂ ಎರಚುತ್ತಾರೆ. ಮಳೆಗಾಲದ ಕೊನೆ ಅದು. ಗೌರಿ ಹೂವು, ದಾಸವಾಳ, ಬೇಲಿಯಲ್ಲಿ ಅರಳಿದ್ದು, ಯಾವುದೂ ಆಗುತ್ತದೆ. ಹೂವಿಗೆ ದುಡ್ಡು ಕೊಡಬೇಕಾಗಿಲ್ಲ, ಹಾಗಾಗಿ ಬಡವರ ಮನೆಯ ಮಗುವೂ ಬುಟ್ಟಿ ತುಂಬಿಸಿಕೊಂಡೇ ಬರುತ್ತದೆ.

ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಫಾದರ್ ಆಶೀರ್ವದಿಸುತ್ತಾರೆ. ಮನೆಗೊಂದು ತೆನೆ. ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ಹೊಸ ಕಾಳನ್ನು ಬಿಡಿಸಿ, ಹಾಲಿಗೋ ಪಾಯಸಕ್ಕೋ ಸೇರಿಸಿ, ಎಲ್ಲರೂ ಒಟ್ಟಿಗೆ ಕುಳಿತು ತಿನ್ನುತ್ತಾರೆ. ಊಟ ಬಾಳೆ ಎಲೆಯಲ್ಲಿ, ಸಸ್ಯಾಹಾರ ಮಾತ್ರ, ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲಿ. ಮೀನಿಲ್ಲದೆ ಊಟ ಸೇರದ ಮನೆಗಳಲ್ಲೂ ಅವತ್ತು ಮೀನಿಲ್ಲ. ತುಳುನಾಡಿನ ಬೇರೆ ಮನೆಗಳಲ್ಲೂ ಹೊಸ ಅಕ್ಕಿ ಊಟ, ತೆನೆ ಕಟ್ಟುವುದು ಇದೆ. ಹಾಗಾಗಿ ಕ್ಲಾಸಿನಲ್ಲಿ ಈ ಹಬ್ಬವನ್ನು ಕಲಿಸುವುದಕ್ಕಿಂತ, "ನಿಮ್ಮ ಮನೆಯಲ್ಲಿ ಹೊಸ ಅಕ್ಕಿಗೆ ಏನು ಮಾಡುತ್ತೀರಿ?" ಅಂತ ಕೇಳಿ ಸುಮ್ಮನಿರುವುದು ಮೇಲು. ಮಕ್ಕಳೇ ಪಾಠ ಮಾಡುತ್ತಾರೆ.

ಬೆಂಗಳೂರಿನಲ್ಲಿ ಇದೇ ಹಬ್ಬಕ್ಕೆ ಬೇರೆ ಬಣ್ಣ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ಹರಕೆ ಹೊತ್ತವರು ಕೇಸರಿ ಬಟ್ಟೆ ಉಟ್ಟು ಬರುತ್ತಾರೆ, ಅವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಅಲ್ಲಿ ತೆನೆಯ ಮಾತಿಲ್ಲ. ಒಂದೇ ತಾರೀಕು, ಎರಡು ಊರು, ಎರಡು ಹಬ್ಬ ಅನ್ನಿ.

ಈ ಸೆಪ್ಟೆಂಬರ್ 8ಕ್ಕೂ ಡಿಸೆಂಬರ್ 8ಕ್ಕೂ ಸಂಬಂಧ ಇದೆ. ಡಿಸೆಂಬರ್ 8 ಅಮಲೋದ್ಭವ ಮಾತೆಯ ಹಬ್ಬ. ಯೇಸು ಮರಿಯಮ್ಮನ ಗರ್ಭಕ್ಕೆ ಬಂದ ದಿನ ಅಂತ ಹಲವರು ಬರೆಯುತ್ತಾರೆ. ಅಲ್ಲ. ಮರಿಯಮ್ಮನವರೇ ತಮ್ಮ ತಾಯಿಯ ಗರ್ಭದಲ್ಲಿ ಪಾಪದ ಕಲೆಯಿಲ್ಲದೆ ಮೂಡಿದರು ಅನ್ನುವ ನಂಬಿಕೆ ಅದು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ, ಸೆಪ್ಟೆಂಬರ್ 8. ಯೇಸು ಗರ್ಭಕ್ಕೆ ಬಂದದ್ದನ್ನು ನೆನೆಯುವುದು ಮಾರ್ಚ್ 25ರಂದು. ಅಲ್ಲಿಂದ ಒಂಬತ್ತು ತಿಂಗಳಿಗೆ ಕ್ರಿಸ್‌ಮಸ್.

ಒಂದೇ ದಿನ ಎರಡು

ಆಗಸ್ಟ್ 15 ಮರಿಯಮ್ಮನವರನ್ನು ದೇಹ, ಆತ್ಮ ಸಮೇತ ಸ್ವರ್ಗಕ್ಕೆ ಕರೆದುಕೊಂಡದ್ದನ್ನು ನೆನೆಯುವ ದಿನ. ನಮಗೆ ಸ್ವಾತಂತ್ರ್ಯ ದಿನ. ಅಕ್ಟೋಬರ್ 2 ಕಾವಲು ದೂತರದು, ಗಾಂಧಿ ಜಯಂತಿಯೂ ಹೌದು. ನವೆಂಬರ್ 1 ಸಕಲ ಸಂತರ ಹಬ್ಬ, ರಾಜ್ಯೋತ್ಸವ. ಇವುಗಳಿಗೆ ಒಳಗೊಳಗೇ ಏನೋ ಸಂಬಂಧ ಇದೆ ಅಂತ ಭಾಷಣದಲ್ಲಿ ಎಳೆಯುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ತಾರೀಕು ಕೂಡಿಬಂದಿದೆ, ಅಷ್ಟೇ. ಬೆಳಿಗ್ಗೆ ಬಲಿಪೂಜೆ, ಆಮೇಲೆ ಧ್ವಜಾರೋಹಣ. ಎರಡಕ್ಕೂ ಅದರದರ ಮರ್ಯಾದೆ ಕೊಟ್ಟರೆ ಸಾಕು.

ಸೆಪ್ಟೆಂಬರ್ 5 ಮಾತ್ರ ಬೇರೆ. ರಾಧಾಕೃಷ್ಣನ್ ಹುಟ್ಟಿದ ದಿನ, ಶಿಕ್ಷಕರ ದಿನ. 1997ರಲ್ಲಿ ಮದರ್ ತೆರೇಸಾ ತೀರಿಕೊಂಡದ್ದೂ ಅವತ್ತೇ. ಅವರು ಬೀದಿಗೆ ಇಳಿಯುವ ಮೊದಲು ಕೋಲ್ಕತ್ತದ ಎಂಟಾಲಿಯ ಸೇಂಟ್ ಮೇರಿಸ್ ಶಾಲೆಯಲ್ಲಿ ಟೀಚರ್ ಆಗಿದ್ದರು, ಹೆಡ್‌ಮಿಸ್ಟ್ರೆಸ್ ಕೂಡ ಆದರು. 1948ರಲ್ಲಿ ಆ ಗೇಟು ದಾಟಿ ಹೊರಗೆ ಹೋದರು. ಶಿಕ್ಷಕರ ದಿನದಂದು ಹೇಳಲು ಇಲ್ಲಿ ನಿಜವಾದ ಕಥೆಯೇ ಇದೆ, ಎಳೆಯಬೇಕಾಗಿಲ್ಲ.

ಕ್ರಿಸ್‌ಮಸ್ ಬಗ್ಗೆ ಎಲ್ಲರಿಗೂ ಗೊತ್ತು, ಜಾಸ್ತಿ ಬರೆಯುವುದಿಲ್ಲ. ಒಂದು ವಿಷಯ ಅಷ್ಟೇ. ರಜೆಗೆ ಮೊದಲು ಶಾಲೆಯಲ್ಲಿ ಕ್ರಿಸ್‌ಮಸ್ ಮಾಡುವಾಗ ಚರ್ಚಿನಲ್ಲಿ ಇನ್ನೂ ಆಗಮನ ಕಾಲದ ನೇರಳೆ ಬಣ್ಣ ಇರುತ್ತದೆ. ಚರ್ಚಿನ ಕ್ರಿಸ್‌ಮಸ್ ಕಾಲ ಶುರುವಾಗುವುದು 24ರ ಸಂಜೆಗೆ. ಗೋದಲಿಯಲ್ಲಿ ಬಾಲಯೇಸುವಿನ ಜಾಗ ಖಾಲಿ ಬಿಟ್ಟಿದ್ದರೆ ಮರೆತಿದ್ದಾರೆ ಅಂದುಕೊಳ್ಳಬೇಡಿ.

ಯಾರು ಪ್ರಾರ್ಥಿಸಬೇಕು?

ಸೆಮಿನಾರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28(3)ನೇ ವಿಧಿ ಇನ್ನೊಂದು ಕಡೆಯಿಂದ ಮಾತಾಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕಥೋಲಿಕ ಬಿಷಪರ ಸಭೆ) 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯೂ, ಕಥೋಲಿಕರಲ್ಲದ ಮಕ್ಕಳು ಓದುವ ಶಾಲೆಗಳು ಧರ್ಮಸಭೆಗೆ ತುಂಬಾ ಪ್ರಿಯ ಅನ್ನುತ್ತದೆ. ಶಾಲೆಯಲ್ಲಿ ಸ್ವಾತಂತ್ರ್ಯ ಮತ್ತು ಪ್ರೀತಿಯ ವಾತಾವರಣ ಇರಬೇಕು ಅಂತ ಅದೇ ಘೋಷಣೆಯಲ್ಲಿದೆ.

ಇದರಿಂದ ದಿನದ ಕೆಲಸಕ್ಕೆ ಬರುವ ಮಾತು ಇಷ್ಟು. ಬಲಿಪೂಜೆ ಆರಾಧನೆ, ಅದಕ್ಕೆ ಹಾಜರಿ ತೆಗೆದುಕೊಳ್ಳುವುದು ಸಲ್ಲ. ಅಸೆಂಬ್ಲಿಯಲ್ಲಿ ಸಂತರ ಕಥೆ ಹೇಳುವುದು, ಆಸ್ಪತ್ರೆಗೆ ಹಣ್ಣು ಕೊಂಡೊಯ್ಯುವುದು, ಹೂ ಕೊಯ್ಯುವುದು, ಕಬ್ಬು ಹಂಚುವುದು ಎಲ್ಲರದು. ಬಲಿಪೂಜೆಯಲ್ಲಿ ಕುಳಿತ ಬೇರೆ ಧರ್ಮದ ಮಗು ಪರಮಪ್ರಸಾದಕ್ಕೆ (ಯೇಸುವಿನ ದೇಹವೆಂದು ನಂಬಿ ಕೊಡುವ ರೊಟ್ಟಿ) ಸಾಲಿನಲ್ಲಿ ನಿಂತುಬಿಟ್ಟರೆ ಬೈಯಬೇಡಿ. ದೇವಸ್ಥಾನದಲ್ಲಿ ಪ್ರಸಾದ ಎಲ್ಲರಿಗೂ ಸಿಗುತ್ತದೆ, ಇಲ್ಲೂ ಹಾಗೇ ಅಂದುಕೊಂಡಿರುತ್ತದೆ. ಅದು ದೀಕ್ಷಾಸ್ನಾನ ಪಡೆದು, ಮೊದಲ ಪರಮಪ್ರಸಾದಕ್ಕೆ ತಯಾರಾದ ಕಥೋಲಿಕ ಮಕ್ಕಳಿಗೆ ಮಾತ್ರ ಅಂತ ಹಿಂದಿನ ದಿನವೇ ಕ್ಲಾಸಿನಲ್ಲಿ ಮೆತ್ತಗೆ ಹೇಳಿಬಿಡಿ.