ಲುಕ್ 'ಇಲ್ಲ' ಅಂದರೆ ನಂಬಬಹುದಾ?

ಒಮ್ಮೆ ಒಂದು ಕಚೇರಿಯ ಗ್ರಾಹಕರ ಫೈಲ್‌ನಲ್ಲಿ 98765 ಅನ್ನೋ ನಂಬರ್ ಹುಡುಕಬೇಕಿತ್ತು. ಫೈಲ್ ದೊಡ್ಡದು, ನಂಬರಿನ ಪ್ರಕಾರ ಜೋಡಿಸಿದ್ದು. ಜೋಡಿಸಿಟ್ಟ ಫೈಲ್‌ನಲ್ಲಿ ಸಾಲು ಹುಡುಕಿಕೊಡುವ ಲುಕ್ ಅನ್ನೋ ಕಮಾಂಡ್ ಕೊಟ್ಟೆ. ತಕ್ಷಣ ಪ್ರಾಂಪ್ಟ್ ವಾಪಸ್ ಬಂತು, ಏನೂ ಸಿಗಲಿಲ್ಲ. 'ಈ ಗ್ರಾಹಕರು ಪಟ್ಟಿಯಲ್ಲಿಲ್ಲ' ಅಂತ ಮೇಲ್ ಕಳಿಸಿಯೂ ಬಿಟ್ಟೆ. ಸಂಜೆ ಯಾಕೋ ಅನುಮಾನ ಬಂದು ಗ್ರೆಪ್ ಅನ್ನೋ ಇನ್ನೊಂದು ಹುಡುಕುವ ಕಮಾಂಡ್ ಓಡಿಸಿದರೆ, ಆ ಸಾಲು ಅಲ್ಲೇ ಆರಾಮಾಗಿ ಕೂತಿತ್ತು!

ಗ್ರೆಪ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತದೆ. ನಿಧಾನ, ಆದರೆ ಸಾಲು ಹೇಗೆ ಜೋಡಿಸಿದ್ದರೂ ಅದಕ್ಕೆ ಚಿಂತೆಯಿಲ್ಲ. ಲುಕ್ 1979ರದ್ದು, ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂನ 7ನೇ ಆವೃತ್ತಿಯ ಕಾಲದ್ದು. ಅದು ಫೈಲ್‌ನ ನಟ್ಟನಡುವೆ ಹಾರಿ, ಅಲ್ಲಿನ ಸಾಲು ನೋಡಿ, ಅರ್ಧ ಫೈಲನ್ನು ಬದಿಗಿಡುತ್ತದೆ. ಉಳಿದ ಅರ್ಧದಲ್ಲೂ ಅದೇ ಆಟ. ಸಾಲಿನ ಶುರುವಿನಲ್ಲಿ ಇರೋದನ್ನು ಮಾತ್ರ ಹುಡುಕುತ್ತದೆ, ನಡುವಿನ ಪದ ಅದಕ್ಕೆ ಕಾಣೋದಿಲ್ಲ.

ಲಾಭ ಎಷ್ಟು ಗೊತ್ತಾ? ಸೋರಿಹೋದ ಪಾಸ್‌ವರ್ಡ್‌ಗಳ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಸಂಕೇತ) ಪಟ್ಟಿಯೊಂದನ್ನು ಭದ್ರತಾ ತಜ್ಞ ಟ್ರಾಯ್ ಹಂಟ್ 2017ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ 30 ಕೋಟಿಗೂ ಜಾಸ್ತಿ ಸಾಲು. ಒಂದೊಂದು ಹ್ಯಾಶ್ 40 ಅಕ್ಷರ, ಅಂದರೆ ಬರೀ ಪಠ್ಯವೇ 12 ಜಿಬಿ ದಾಟುತ್ತದೆ. ಗ್ರೆಪ್ ಅಷ್ಟನ್ನೂ ಓದಬೇಕು. ಅಷ್ಟೇ ದೊಡ್ಡ ಫೈಲ್ ಹ್ಯಾಶ್ ಪ್ರಕಾರ ಜೋಡಿಸಿದ್ದರೆ, ಅರ್ಧ ಮಾಡುವ ಕೆಲಸ ಹೆಚ್ಚೆಂದರೆ 34 ಸಲಕ್ಕೆ ಮುಗಿಯುತ್ತದೆ.

ನಾನು ಎಡವಿದ್ದು ಜೋಡಣೆಯಲ್ಲಿ. ನಂಬರ್ ಲೆಕ್ಕದಲ್ಲಿ 98765 ಮೊದಲು, 1234567 ಆಮೇಲೆ. ಲುಕ್‌ಗೆ ಇವು ನಂಬರ್ ಅಲ್ಲ, ಬರೀ ಅಕ್ಷರ. ನಡುವೆ 1234567 ಕಂಡಾಗ '9 ಅನ್ನೋದು 1ರ ನಂತರ ಬರಬೇಕು' ಅಂತ ಕೆಳಗಿನ ಅರ್ಧಕ್ಕೆ ಹೋಯಿತು. ಬೇಕಾದ ಸಾಲು ಮೇಲಿನ ಅರ್ಧದಲ್ಲಿತ್ತು. ಒಂದು ಎಚ್ಚರಿಕೆಯಾದರೂ ಕೊಡಬಹುದಿತ್ತು ಅಲ್ವಾ? ಕೊಡೋದಿಲ್ಲ.

ಇಂಗ್ಲಿಷ್ ಪದಗಳಲ್ಲೂ ಇದೇ ಕಥೆ. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆ, ದೇಶಕ್ಕೆ ತಕ್ಕ ಸೆಟ್ಟಿಂಗ್) ಸಾಲು ಜೋಡಿಸುವ ಸಾರ್ಟ್ ಕಮಾಂಡ್ ಓಡಿಸಿದರೆ ದೊಡ್ಡಕ್ಷರ, ಸಣ್ಣಕ್ಷರ ಬೆರೆತು ಬರುತ್ತವೆ. ಲುಕ್ ನೋಡುವ ಬೈಟ್ ಲೆಕ್ಕದಲ್ಲಿ, ಅಂದರೆ ಕಂಪ್ಯೂಟರ್ ಒಳಗೆ ಅಕ್ಷರಕ್ಕಿರುವ ಸಂಖ್ಯೆಯ ಪ್ರಕಾರ, ದೊಡ್ಡಕ್ಷರಗಳೆಲ್ಲ ಮೊದಲು.

ಕನ್ನಡದ್ದು ಇನ್ನೂ ಮಜವಾಗಿದೆ. ವರ್ಣಮಾಲೆಯಲ್ಲಿ 'ಳ' ಕೊನೆಗೆ, 'ಹ' ಆದ ಮೇಲೆ. ಅಕ್ಷರಗಳಿಗೆ ಈ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು 'ಲ' ಪಕ್ಕದಲ್ಲೇ, 'ವ'ಗಿಂತ ಮುಂಚೆ ಕೂತಿದೆ. ಹಾಗಾಗಿ ನಿಘಂಟಿನಲ್ಲಿ 'ಬಸವ' ಆದ ಮೇಲೆ 'ಬಳಪ', ಬೈಟ್ ಲೆಕ್ಕದಲ್ಲಿ 'ಬಳಪ' ಮೊದಲು. ನಿಘಂಟಿನ ಕ್ರಮದಲ್ಲಿ ಜೋಡಿಸಿದ ಪದಪಟ್ಟಿಯನ್ನು ಲುಕ್‌ಗೆ ಕೊಟ್ಟರೆ ಕೆಲವು ಪದ ಸಿಗುತ್ತವೆ, ಕೆಲವು ಮಾಯ. ಎಲ್ಲವೂ ಮಾಯವಾಗಿದ್ದರೆ ಬೇಗ ಗೊತ್ತಾಗುತ್ತಿತ್ತು.

ಈಗ ನಾನು ಎಲ್‌ಸಿ ಆಲ್ ಅನ್ನೋ ಲೊಕೇಲ್ ಸೆಟ್ಟಿಂಗನ್ನು 'ಸಿ' ಅಂತ, ಅಂದರೆ ಬೈಟ್ ಲೆಕ್ಕಕ್ಕೆ ಇಟ್ಟು, ಸಾರ್ಟ್‌ಗೆ ಮೈನಸ್ ಸಿ ಕೊಟ್ಟು ಫೈಲ್ ಪರೀಕ್ಷಿಸುತ್ತೇನೆ. ಮೈನಸ್ ಜೊತೆಗಿನ ಈ 'ಸಿ' ಸಣ್ಣಕ್ಷರದ್ದು. ಕ್ರಮ ಸರಿಯಿದ್ದರೆ ಸಾರ್ಟ್ ಸುಮ್ನಿರುತ್ತದೆ, ತಪ್ಪಿದ್ದರೆ ಎಡವಟ್ಟಾದ ಮೊದಲ ಸಾಲನ್ನು ನಂಬರ್ ಸಮೇತ ತೋರಿಸುತ್ತದೆ. ಈ ಪರೀಕ್ಷೆಯೂ ಇಡೀ ಫೈಲ್ ಓದುತ್ತದೆ. ಹಾಗಾಗಿ ಒಂದೇ ಸಲ ಹುಡುಕೋದಾದರೆ ನೇರ ಗ್ರೆಪ್ಪೇ ಸಾಕು. ಅದೇ ಫೈಲ್‌ನಲ್ಲಿ ದಿನವಿಡೀ ಹುಡುಕೋದಿದ್ದರೆ ಮಾತ್ರ ಲುಕ್‌ಗೆ ಕೈ ಹಾಕುತ್ತೇನೆ.