ಟೊಮೆಟೊ ಟಿಪ್ಪಣಿ: ನೀರು ತಪ್ಪಿದರೆ ಗೊಬ್ಬರವೂ ತಪ್ಪುತ್ತದೆ

ಇದು ಮಾಲೂರು ಕಡೆಯ ನಮ್ಮ ಹತ್ತು ಗುಂಟೆ ಕೆಂಪು ಮಣ್ಣಿನ ಕಥೆ. ಸಾಲಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಡ್ರಿಪ್ ಇದೆ. ರಾಸಾಯನಿಕ ಗೊಬ್ಬರ ಹಾಕುವುದಿಲ್ಲ. ತಳಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಸಸಿ ಮಾಡುವುದು, ನಾಟಿ, ಕೋಲು ಕಟ್ಟುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ನಾನು ಎಡವಿದ್ದು ನೀರು-ಗೊಬ್ಬರದ ಕಡೆ. ಮರೆಯುವ ಮುಂಚೆ ಅದನ್ನು ಬರೆದಿಡುತ್ತಿದ್ದೇನೆ.

ಎರಡು ಪುಸ್ತಕ ಇಟ್ಟಿದ್ದೇ ತಪ್ಪು

ನೀರಿಗೊಂದು, ಗೊಬ್ಬರಕ್ಕೊಂದು ಅಂತ ಬೇರೆ ಬೇರೆ ಲೆಕ್ಕ ಇಟ್ಟಿದ್ದೆ. ಯೂರಿಯಾ ಹಾಕುವವರಿಗೆ ಅದು ನಡೆಯುತ್ತದೇನೋ. ಸಾವಯವದಲ್ಲಿ ನಡೆಯುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕವನ್ನು ಬೇರು ನೇರವಾಗಿ ತಿನ್ನಲಾರದು. ಮಣ್ಣಿನ ಸೂಕ್ಷ್ಮಜೀವಿಗಳು ಗೊಬ್ಬರ ತಿಂದು, ಅರಗಿಸಿ, ಬಿಟ್ಟುಕೊಟ್ಟದ್ದು ಗಿಡದ ಪಾಲು. ಅವುಗಳಿಗೆ ತೇವ ಬೇಕು, ಗಾಳಿ ಬೇಕು, ಸ್ವಲ್ಪ ಬೆಚ್ಚಗಿರಬೇಕು. ಮಣ್ಣು ಒಣಗಿದರೆ ಅವು ಮಲಗಿಬಿಡುತ್ತವೆ. ನೀರು ನಿಂತರೆ ಉಸಿರು ಕಟ್ಟುತ್ತದೆ. ಆಗ ತಯಾರಾಗಿದ್ದ ನೈಟ್ರೇಟ್ (ಬೇರು ಹೀರುವ ರೂಪದ ಸಾರಜನಕ) ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಬೇರಿಗೆ ಸಿಗದ ಆಳಕ್ಕೆ ಇಳಿಯುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತದೆ. ನಾವು ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನೊಂದು ಬುಟ್ಟಿ ಸುರಿಯುತ್ತೇವೆ.

ಅಂದರೆ ಮಣ್ಣು 'ಹದ'ದಲ್ಲಿದ್ದಷ್ಟು ದಿನ ಮಾತ್ರ ಗೊಬ್ಬರ ಕೆಲಸ ಮಾಡುತ್ತದೆ. ಬೆರಳುದ್ದ ಕೆಳಗಿನ ಮಣ್ಣನ್ನು ಹಿಡಿದು ಅಮುಕಿ ನೋಡಿ. ಉಂಡೆಯಾಗಬೇಕು, ಹೆಬ್ಬೆರಳಲ್ಲಿ ತಟ್ಟಿದರೆ ಒಡೆಯಬೇಕು, ಅಂಗೈ ಒದ್ದೆಯಾಗಬಾರದು. ಅದೇ ಹದ.

ತಳ ಕಪ್ಪಾಗಿದ್ದು ಯಾಕೆ

ಕಾಯಿ ಗೋಲಿ ಗಾತ್ರ ಇದ್ದಾಗ ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಾಲ್ಕು ದಿನ ನೀರಿಲ್ಲ. ಐದನೇ ದಿನ ರಾತ್ರಿ ಕರೆಂಟ್ ಬಂದಿದ್ದೇ ತಡ, ಪಾಪ ಗಿಡ ಬಾಯಾರಿದೆ ಅಂತ ಆರು ಗಂಟೆ ಮೋಟಾರ್ ಓಡಿಸಿದೆ. ವಾರದಲ್ಲಿ ತೋಟ ಕಡು ಹಸಿರು. ನೋಡಿದವರೆಲ್ಲ ಏನು ಗೊಬ್ಬರ ಹಾಕಿದೆ ಅಂತ ಕೇಳಿದರು. ಇನ್ನೊಂದು ವಾರ ಕಳೆಯುವಷ್ಟರಲ್ಲಿ ಕಾಯಿಗಳ ತಳದಲ್ಲಿ ನೀರು ಕುಡಿದಂಥ ಕಲೆ, ಆಮೇಲೆ ಕಂದು, ಆಮೇಲೆ ಕಪ್ಪು ಚರ್ಮದ ತೇಪೆ. ಇದನ್ನೇ ತುದಿ ಕೊಳೆ ಅನ್ನುವುದು. ರೋಗಾಣು ಇಲ್ಲ, ಹುಳ ಇಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ, ಅಷ್ಟೆ.

ಕ್ಯಾಲ್ಸಿಯಂ ಕೊರತೆ ಅಂತ ಓದಿದ ತಕ್ಷಣ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಟ್ಟೆ ಸಿಪ್ಪೆ ಕುಟ್ಟಿ ಬುಡಕ್ಕೆ ಹಾಕಿದೆ. ಸಿಪ್ಪೆ ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು, ಬೆಳೆಯೇ ಮುಗಿದುಹೋಗುತ್ತದೆ. ಅದಕ್ಕಿಂತ ತಮಾಷೆಯೆಂದರೆ, ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬೆರಳುಗುರಿನಿಂದ ಕೆರೆಯುವಷ್ಟು ಬಿಳಿ ಕರೆ ಕಟ್ಟಿರುತ್ತದೆ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂನ ಲವಣವೇ! ದಿನಾ ಡ್ರಿಪ್‌ನಲ್ಲಿ ಅದೇ ನೀರು ಬಿಡುತ್ತಾ, ಇನ್ನೊಂದು ಕಡೆ ಮೊಟ್ಟೆ ಸಿಪ್ಪೆ ಹುಡುಕುತ್ತಿದ್ದೆ.

ಇಲ್ಲಿ ನಿಧಾನವಾಗಿ ಹೋಗೋಣ, ನನಗೆ ಇದೊಂದು ಹೊಳೆಯಲು ಮೂರು ಸಲ ಓದಬೇಕಾಯಿತು. ಮಣ್ಣಲ್ಲಿ ಕ್ಯಾಲ್ಸಿಯಂ ಇರುವುದು ಬೇರೆ, ಕಾಯಿಗೆ ಸೇರುವುದು ಬೇರೆ. ಕ್ಯಾಲ್ಸಿಯಂಗೆ ಸ್ವಂತ ಕಾಲಿಲ್ಲ. ಬೇರಿಂದ ಮೇಲೇರುವ ನೀರಿನ ಜೊತೆಗೇ ಹೋಗಬೇಕು. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೋ ಅಲ್ಲಿಗೆ ಹರಿಯುತ್ತದೆ. ಎಲೆಯ ತುಂಬಾ ಉಸಿರಾಡುವ ರಂಧ್ರಗಳು. ಟೊಮೆಟೊ ಕಾಯಿಯ ಸಿಪ್ಪೆಯಲ್ಲಿ ಅಂಥ ರಂಧ್ರಗಳೇ ಇಲ್ಲ. ಹಾಗಾಗಿ ಹಗಲು ಹೊತ್ತು ಸಿಂಹಪಾಲು ಎಲೆಗೆ. ಕಾಯಿಗೆ ಬರುವುದೇ ಸ್ವಲ್ಪ, ಅದು ತೊಟ್ಟಿನ ಹತ್ತಿರವೇ ಮುಗಿಯುತ್ತದೆ. ಕಾಯಿಯ ತುದಿ ಕಾಲುವೆಯ ಕೊನೆ ಗದ್ದೆ ಇದ್ದ ಹಾಗೆ. ಜೊತೆಗೆ, ಒಮ್ಮೆ ಎಲೆಗೆ ಹೋದ ಕ್ಯಾಲ್ಸಿಯಂ ಅಲ್ಲಿಂದ ಇಳಿದು ಕಾಯಿಗೆ ಬರುವುದಿಲ್ಲ. ಸಾರಜನಕವಾದರೆ ಹಳೆ ಎಲೆಯಿಂದ ಹೊಸ ಎಲೆಗೆ ಹೋಗುತ್ತದೆ. ಕ್ಯಾಲ್ಸಿಯಂ ಹೋದ ಮನೆಯಲ್ಲೇ ಉಳಿಯುತ್ತದೆ.

ಈಗ ನನ್ನ ಎರಡು ತಪ್ಪು ಒಂದಕ್ಕೊಂದು ಹೇಗೆ ಕೂಡಿಕೊಂಡವು ನೋಡಿ. ನಾಲ್ಕು ದಿನ ನೀರಿಲ್ಲದಾಗ ಗೋಲಿ ಗಾತ್ರದ ಕಾಯಿಗೆ ಕ್ಯಾಲ್ಸಿಯಂ ಹೋಗಲಿಲ್ಲ. ಹಾನಿ ಆದದ್ದು ಆಗಲೇ. ಕಲೆ ಕಂಡದ್ದು ಎರಡು ವಾರ ಬಿಟ್ಟು. ಕಲೆ ಕಂಡ ದಿನ ಗಾಬರಿಯಾಗಿ ನೀರು ಹೆಚ್ಚಿಸಿದರೆ ಆ ಕಾಯಿಗೆ ಏನೂ ಆಗುವುದಿಲ್ಲ, ಕಿತ್ತು ಬಿಸಾಡಬೇಕು, ಅಷ್ಟೆ. ಇನ್ನು ಆ ಆರು ಗಂಟೆ ನೀರು. ಒಣಗಿದ ಮಣ್ಣು ಮತ್ತೆ ನೆನೆದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು, ಇರುವುದನ್ನೆಲ್ಲ ಗಬಗಬ ತಿಂದು ಸಾರಜನಕ ಬಿಡುತ್ತವೆ. ಬರ್ಚ್ ಎಂಬ ವಿಜ್ಞಾನಿ ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಗಮನಿಸಿ 1958ರಲ್ಲಿ ಬರೆದ. ನಮ್ಮಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದ ವಾರದಲ್ಲೇ ಬದುವಿನ ಹುಲ್ಲು ಕಡು ಹಸಿರಾಗುವುದರ ಹಿಂದೆ ಇದರ ಕೈವಾಡವೂ ಇದೆ. ನನ್ನ ತೋಟದಲ್ಲೂ ಆದದ್ದು ಅದೇ. ಎಲೆ ಹುಚ್ಚಾಪಟ್ಟೆ ಬೆಳೆಯಿತು, ಬೆಳೆದ ಎಲೆ ಇನ್ನಷ್ಟು ನೀರು ಎಳೆದುಕೊಂಡಿತು, ಕಾಯಿ ಮತ್ತೆ ಕೊನೆ ಗದ್ದೆಯೇ ಆಯಿತು. ಎಲ್ಲರೂ ಹೊಗಳಿದ ಆ ಹಸಿರೇ ಎರಡನೇ ಪೆಟ್ಟು. ದೋರೆಯಾಗಿದ್ದ ಹಣ್ಣುಗಳು ನೀರು ಕುಡಿದು ಬಿರಿದದ್ದು ಬೇರೆ. 15 ಕೆಜಿ ಬಾಕ್ಸ್ ತುಂಬುವಾಗ ಪ್ರತಿ ಬಾಕ್ಸ್‌ಗೂ ಒಂದು ಮಡಿಲು ಹಣ್ಣು ಪಕ್ಕಕ್ಕೆ ಹೋಯಿತು.

ಅರ್ಧಂಬರ್ಧ ಕೊಳೆತ ತಿಪ್ಪೆ ಗೊಬ್ಬರವೂ ಇದೇ ಕೆಲಸ ಮಾಡುತ್ತದೆ. ಅದರಿಂದ ಅಮೋನಿಯಂ ರೂಪದ ಸಾರಜನಕ ಜಾಸ್ತಿ ಬರುತ್ತದೆ, ಅದು ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಬಿಸಿ, ಮೂಗಿಗೆ ಖಾರ ಇದ್ದರೆ ಇನ್ನೂ ಮಾಗಿಲ್ಲ ಅಂತ.

ಬೆಳಗಿನ ಹನಿ: ನನ್ನ ಪ್ರೀತಿಯ ಗುರುತು

ರಾತ್ರಿ ಎಲೆ ಆವಿ ಬಿಡುವುದು ಕಡಿಮೆ. ಆಗ ಬೇರು ಕೆಳಗಿಂದ ನೀರನ್ನು ತಳ್ಳುತ್ತದೆ, ಕಾಯಿಗೂ ಪಾಲು ಸಿಗುತ್ತದೆ. ರಾತ್ರಿ ಮಣ್ಣಲ್ಲಿ ಹದ ಇದ್ದರೆ ಮಾತ್ರ. ಇದನ್ನು ನೋಡಲು ಯಂತ್ರ ಬೇಡ. ಬೆಳಿಗ್ಗೆ ಆರಕ್ಕೆ ಹೋಗಿ ಎಲೆಯ ಅಂಚು ನೋಡಿ. ಹಲ್ಲಿನಂತಿರುವ ಒಂದೊಂದು ತುದಿಯಲ್ಲೂ ಒಂದೊಂದು ಹನಿ, ಪೋಣಿಸಿಟ್ಟ ಹಾಗೆ ಕೂತಿರುತ್ತದೆ. ಇಬ್ಬನಿ ಅಲ್ಲ ಅದು. ಇಬ್ಬನಿಯಾದರೆ ಇಡೀ ಎಲೆ ಒದ್ದೆ, ಪಕ್ಕದ ಕಲ್ಲೂ ಒದ್ದೆ. ಅಂಚಿನಲ್ಲಿ ಮಾತ್ರ ಹನಿ ಇದ್ದರೆ ಬೇರು ರಾತ್ರಿಯಿಡೀ ನೀರು ತಳ್ಳಿದೆ ಎಂದರ್ಥ. ಎರಡು ದಿನ ಹನಿ ಕಾಣದಿದ್ದರೆ ನಾನು ಮಣ್ಣು ಅಗೆದು ನೋಡುತ್ತೇನೆ. ಒಣಗಾಳಿ ಬೀಸಿದ ರಾತ್ರಿ ಮಾತ್ರ ಇದನ್ನು ನಂಬಬೇಡಿ.

ನೀರಿನ ಲೆಕ್ಕ

1 ಮಿ.ಮೀ. ನೀರು ಅಂದರೆ 1 ಚದರ ಮೀಟರ್‌ಗೆ 1 ಲೀಟರ್. ಇದು ತಲೆಗೆ ಹೋದರೆ ಉಳಿದದ್ದು ಸುಲಭ. ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾಗುತ್ತದೆ ಅಂದುಕೊಳ್ಳಿ. ಕಾಯಿ ತುಂಬಿದ ಟೊಮೆಟೊಗೆ ಅದರ 1.15 ಪಟ್ಟು, ಅಂದರೆ 5.75. ಒಂದು ಗಿಡದ ಜಾಗ 0.9 × 0.6 = 0.54 ಚದರ ಮೀಟರ್. ಗಿಡಕ್ಕೆ 3.1 ಲೀಟರ್ ಆಯಿತು. ಗಿಡಕ್ಕೊಂದು, ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಇದ್ದರೆ ದಿನಕ್ಕೆ ಒಂದೂವರೆ ಗಂಟೆ. ಹತ್ತು ಗುಂಟೆಗೆ 5,800 ಲೀಟರ್, ಹತ್ತಿರ ಹತ್ತಿರ ಒಂದು ಟ್ಯಾಂಕರ್. ಎಳೆ ಗಿಡಕ್ಕೆ 1.15ರ ಬದಲು 0.6 ಹಾಕಿ. ಮಲ್ಚಿಂಗ್ (ಬುಡದ ಮಣ್ಣಿಗೆ ಹೊದಿಕೆ) ಇದ್ದರೆ ಇನ್ನೂ ಕಡಿಮೆ ಸಾಕು.

ನಾನು ಬಿಟ್ಟಿದ್ದು ಆರು ಗಂಟೆ, ಅಂದರೆ ನಾಲ್ಕು ದಿನದ್ದು ಒಟ್ಟಿಗೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು ಅಷ್ಟನ್ನು ಹಿಡಿಯುವುದಿಲ್ಲ, ಒಂದಷ್ಟು ಕೆಳಗೆ ಇಳಿದಿರುತ್ತದೆ. ಈಗ ನೀರು ತಪ್ಪಿದರೆ, ಮತ್ತೆ ಬಂದ ಮೊದಲ ದಿನ ಮುಕ್ಕಾಲು ಗಂಟೆ ಬೆಳಿಗ್ಗೆ, ಮುಕ್ಕಾಲು ಗಂಟೆ ಸಂಜೆ. ಹಳೇ ಬಾಕಿ ತೀರಿಸಲು ಹೋಗುವುದಿಲ್ಲ.

ಗೊಬ್ಬರ ಎಲ್ಲಿ ಬೀಳಬೇಕು

ಒಂದು ಟನ್ ಹಣ್ಣಿಗೆ ಎರಡೂವರೆಯಿಂದ ಮೂರು ಕೆಜಿ ಸಾರಜನಕ ಬೇಕು. ಎರಡೂವರೆ ಟನ್ ಕೊಟ್ಟಿಗೆ ಗೊಬ್ಬರದಲ್ಲಿ, ನೂರಕ್ಕೆ ಅರ್ಧದ ಲೆಕ್ಕದಲ್ಲಿ, ಹನ್ನೆರಡೂವರೆ ಕೆಜಿ ಇದೆ. ಕಾಗದದ ಮೇಲೆ ನಾಲ್ಕು ಟನ್ ಹಣ್ಣಿಗೆ ಸರಿ. ಆದರೆ ಮೊದಲ ಬೆಳೆಗೆ ಸಿಗುವುದು ಅದರ ಮೂರರಲ್ಲಿ ಒಂದು ಪಾಲು. ಅದಕ್ಕೇ ಬೇವಿನ ಹಿಂಡಿಯನ್ನೋ ಹೊಂಗೆ ಹಿಂಡಿಯನ್ನೋ ಎರಡು ಕಂತಿನಲ್ಲಿ ಕೊಡುವುದು.

ಇನ್ನೊಂದು ದಡ್ಡತನ ಹೇಳಿಬಿಡುತ್ತೇನೆ. ಗೊಬ್ಬರವನ್ನು ಇಡೀ ಹೊಲಕ್ಕೆ ಚೆಲ್ಲಿ ಉಳುಮೆ ಮಾಡಿಸಿದ್ದೆ. ಡ್ರಿಪ್ ನೆನೆಸುವುದು ಸಾಲಿನ ಪಟ್ಟಿಯನ್ನು ಮಾತ್ರ. ನಡುವಿನ ಒಣ ದಾರಿಯಲ್ಲಿ ಗೊಬ್ಬರ ಬೆಳೆ ಮುಗಿಯುವವರೆಗೂ ಹಾಗೇ ಇತ್ತು, ಕೆದರಿದರೆ ಹುಲ್ಲಿನ ಎಳೆ ಸಮೇತ ಸಿಗುತ್ತಿತ್ತು. ಈಗ ಏರುಮಡಿಯ ಪಟ್ಟಿಗಷ್ಟೇ ಹಾಕುತ್ತೇನೆ. ಹಿಂಡಿಯನ್ನು ಡ್ರಿಪ್ಪರ್ ಬಿಟ್ಟ ಒದ್ದೆ ವೃತ್ತದ ಒಳಗೆ, ಕಾಂಡಕ್ಕೆ ತಾಗದಂತೆ, ಒಂದು ಗೇಣು ದೂರದಲ್ಲಿ ಮುಚ್ಚುತ್ತೇನೆ.

ಜೀವಾಮೃತವನ್ನು (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ದ್ರವ) ಡ್ರಿಪ್‌ನಲ್ಲೇ ಬಿಡುವವರು ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಎರಡು ಸಲ ಸೋಸಿ. ಬಿಟ್ಟಾದ ಮೇಲೆ ಹತ್ತು ನಿಮಿಷ ಬರೀ ನೀರು ಬಿಡಿ, ಆಮೇಲೆ ಸಾಲಿನ ಕೊನೆಯ ಡ್ರಿಪ್ಪರ್ ತೊಟ್ಟಿಕ್ಕುತ್ತಿದೆಯಾ ಅಂತ ಹೋಗಿ ನೋಡಿ. ನಮ್ಮಲ್ಲಿ ಮೊದಲು ಕಟ್ಟಿಕೊಳ್ಳುವುದು ಅದೇ.