256 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ವರೆಗೆ: ಮನೆಯ ಇಂಟರ್ನೆಟ್ಟನ್ನು ಅಳೆಯುತ್ತಾ ಬಂದ ಕಥೆ

ಬ್ರಾಡ್‌ಬ್ಯಾಂಡ್ ಎಂದರೆ ಎಷ್ಟು ವೇಗ? ಸರ್ಕಾರದ ಕಡತಗಳಲ್ಲಿ ಈ ಪ್ರಶ್ನೆಗೆ ಇದುವರೆಗೆ ಮೂರು ಉತ್ತರಗಳಿವೆ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ (ಕೆಬಿಪಿಎಸ್), 2013ರಲ್ಲಿ 512 ಕಿಲೋಬಿಟ್, 2023ರಲ್ಲಿ 2 ಮೆಗಾಬಿಟ್ (ಎಂಬಿಪಿಎಸ್). ಇವತ್ತು ಜಾಹೀರಾತುಗಳಲ್ಲಿ ಕಾಣುವುದೆಲ್ಲ 50, 100, 300 ಎಂಬ ಅಂಕಿಗಳೇ. ಆದರೂ ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ನಿಂತು ನಿಂತು ಬರುತ್ತದೆ, ಮಕ್ಕಳ ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರ ಮಾತು ತುಂಡಾಗುತ್ತದೆ. ದೂರು ಕೊಟ್ಟರೆ 'ನಮ್ಮ ಕಡೆ ಎಲ್ಲ ಸರಿಯಾಗಿದೆ' ಎಂಬ ಉತ್ತರ ಸಿಗುತ್ತದೆ. ಎಷ್ಟೋ ಸಲ ಆ ಉತ್ತರ ಸುಳ್ಳೂ ಆಗಿರುವುದಿಲ್ಲ. ಜಾಹೀರಾತಿನ ವೇಗವನ್ನು ಅಳೆಯುವ ಜಾಗ ಒಂದು, ನಿಯಮದ ವೇಗವನ್ನು ಅಳೆಯುವ ಜಾಗ ಇನ್ನೊಂದು, ನಮ್ಮ ಮೇಜಿನ ಮೇಲಿನ ಯಂತ್ರ ಇರುವ ಜಾಗ ಮತ್ತೊಂದು. ಇವು ಹೀಗೆ ಬೇರೆ ಬೇರೆಯಾದದ್ದು ಹೇಗೆ ಎಂದು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು.

1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಆರಂಭಿಸಿತು. ವಿದ್ಯಾರ್ಥಿಗಳಿಗೆ ಅಕ್ಷರಗಳು ಮಾತ್ರ ಕಾಣುವ ಖಾತೆ, 250 ಗಂಟೆಗೆ 500 ರೂಪಾಯಿ. 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಮುಂದಿನ ಐದಾರು ವರ್ಷ ಡಯಲ್‌ಅಪ್ ಕಾಲ. ಫೋನಿನ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ, 172ರಿಂದ ಶುರುವಾಗುವ ಸಂಖ್ಯೆಗೆ ಡಯಲ್ ಮಾಡಿ, ಕಿರುಗುಟ್ಟುವ ಸದ್ದು ಮುಗಿಯುವವರೆಗೆ ಕಾಯಬೇಕಿತ್ತು. ಸಂಪರ್ಕ ಇದ್ದಷ್ಟು ಹೊತ್ತೂ ಮನೆಗೆ ಬರುವ ಕರೆಗಳೆಲ್ಲ ಬಂದ್. ಮೋಡೆಮ್ ಮೇಲೆ 56 ಕೆಬಿಪಿಎಸ್ ಎಂದು ಬರೆದಿರುತ್ತಿತ್ತು. ಆ ವೇಗ ಪೂರ್ತಿಯಾಗಿ ಕಂಡವರನ್ನು ನಾನು ನೋಡಿಲ್ಲ. ಬರೆದ ಅಂಕಿಗೂ ಸಿಕ್ಕ ಅಂಕಿಗೂ ನಡುವಿನ ಅಂತರ ಶುರುವಾದದ್ದು ಅಲ್ಲಿಂದಲೇ.

2004ರ ಅಕ್ಟೋಬರ್ 14ರಂದು ಬ್ರಾಡ್‌ಬ್ಯಾಂಡ್ ನೀತಿ ಪ್ರಕಟವಾಯಿತು. ಅದು ಕೊಟ್ಟ ವ್ಯಾಖ್ಯೆಯನ್ನು ನಿಧಾನವಾಗಿ ಓದಬೇಕು, ಏಕೆಂದರೆ ಇವತ್ತಿನ ಗೊಂದಲದ ಬೇರು ಅಲ್ಲಿದೆ. ಸದಾ ಚಾಲ್ತಿಯಲ್ಲಿರುವ, ಸೇವಾದಾರರ ಜಾಲಕೇಂದ್ರದಿಂದ ಗ್ರಾಹಕರಿಗೆ ಕನಿಷ್ಠ 256 ಕೆಬಿಪಿಎಸ್ ಡೌನ್‌ಲೋಡ್ ವೇಗ ಕೊಡುವ 'ಸಾಮರ್ಥ್ಯ'ವುಳ್ಳ ಸಂಪರ್ಕ ಎಂಬುದು ಅದರ ತಿರುಳು. ಇಲ್ಲಿ ಮೂರು ಮಾತುಗಳನ್ನು ಗಮನಿಸಬೇಕು. ಸಾಮರ್ಥ್ಯ ಇದ್ದರೆ ಸಾಕು, ಪ್ರತಿ ಗಳಿಗೆಯೂ ಆ ವೇಗ ಸಿಗಬೇಕೆಂದಿಲ್ಲ. ಅಳತೆ ನಡೆಯುವುದು ಸೇವಾದಾರರ ಕೇಂದ್ರದಿಂದ ಗ್ರಾಹಕರವರೆಗೆ; ಆ ಕೇಂದ್ರದಿಂದ ಆಚೆ, ನಾವು ನೋಡಬೇಕೆಂದಿರುವ ಪುಟ ಇರುವ ದೂರದ ಸರ್ವರ್‌ವರೆಗಿನ ಹಾದಿ ಲೆಕ್ಕಕ್ಕಿಲ್ಲ. ಇನ್ನು ಮೂರನೆಯದು, ಡೌನ್‌ಲೋಡ್ ಮಾತ್ರ. ನಮ್ಮಿಂದ ಹೊರಗೆ ಹೋಗಬೇಕಾದ ಕಡತ, ಚಿತ್ರ, ಧ್ವನಿಗಳ ಬಗ್ಗೆ ವ್ಯಾಖ್ಯೆ ಏನೂ ಹೇಳಲಿಲ್ಲ. ಅಂಕಿ ಎರಡು ಸಲ ಏರಿದರೂ ಈ ಕೊನೆಯ ಜಾಗ ಇಂದಿಗೂ ಖಾಲಿಯಾಗಿಯೇ ಉಳಿದಿದೆ.

ಅದೇ ವರ್ಷ ಇನ್ನೊಂದು ಚರ್ಚೆಯೂ ನಡೆದಿತ್ತು. ಊರೂರಿನಲ್ಲಿ ಆಗಲೇ ಹೂತಿದ್ದ ತಾಮ್ರದ ಫೋನ್ ತಂತಿಗಳನ್ನು ಬೇರೆ ಕಂಪನಿಗಳೂ ಬಾಡಿಗೆಗೆ ಪಡೆದು ಬಳಸಲು ಬಿಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಶಿಫಾರಸು ಮಾಡಿತ್ತು. ನೀತಿಯಲ್ಲಿ ಅದು ಕಡ್ಡಾಯವಾಗಲಿಲ್ಲ. ತಂತಿ ಹಾಕಿದವರ ಹಕ್ಕಿನ ಪ್ರಶ್ನೆ ಅದರಲ್ಲಿತ್ತು, ನಿಜ. ಆದರೆ ಸಣ್ಣ ಊರುಗಳ ಮನೆಗಳಿಗೆ ಮುಂದಿನ ಹತ್ತು ವರ್ಷ ಒಂದೇ ಆಯ್ಕೆ ಉಳಿದದ್ದಕ್ಕೂ ಈ ತೀರ್ಮಾನಕ್ಕೂ ಸಂಬಂಧ ಇಲ್ಲದಿಲ್ಲ. 2010ರ ಹೊತ್ತಿಗೆ 2 ಕೋಟಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳಾಗಬೇಕು ಎಂಬುದು ನೀತಿಯ ಗುರಿಯಾಗಿತ್ತು. ಆ ವರ್ಷದ ಕೊನೆಗೆ ಆದದ್ದು ಸುಮಾರು 1.1 ಕೋಟಿ.

2005ರಲ್ಲಿ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಮನೆಗಳಿಗೆ ಬಂತು. ನನಗೆ ಚೆನ್ನಾಗಿ ಗೊತ್ತಿರುವುದು ಈ ಕಾಲ. ಮಲೆನಾಡಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಜಗಲಿಯ ಮೂಲೆಯಲ್ಲಿ, ಪಕ್ಕದ ಗೋಡೆಯಲ್ಲಿ ಫೋನಿನ ತಂತಿ. ಆಗಿನ ಯೋಜನೆಗಳ ವೇಗ 256 ಕೆಬಿಪಿಎಸ್. ಅದನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 32 ಕಿಲೋಬೈಟ್. ಕಂಪನಿಗಳು ಬಿಟ್‌ನಲ್ಲಿ ಮಾರುತ್ತವೆ, ಕಂಪ್ಯೂಟರಿನ ಡೌನ್‌ಲೋಡ್ ಕಿಟಕಿ ಬೈಟ್‌ನಲ್ಲಿ ತೋರಿಸುತ್ತದೆ. ಈ ಎಂಟರ ಭಾಗಾಕಾರ ಗೊತ್ತಿಲ್ಲದೆ ಎಷ್ಟು ಜನ ಆಗ ಮೋಸ ಹೋದೆವೆಂದು ಕೊರಗಿದರೋ! ಇಂದಿಗೂ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12 ಎಂಬಿ ಬಂದರೆ ಅದು ಸರಿಯಾದ ವೇಗವೇ.

ವೇಗಕ್ಕಿಂತ ಹೆಚ್ಚು ಕಾಡಿದ್ದು ಮಿತಿ. ತಿಂಗಳಿಗೆ ಕೆಲವು ನೂರು ಎಂಬಿ, ಹೆಚ್ಚೆಂದರೆ ಒಂದೆರಡು ಜಿಬಿ. ಮೀರಿದರೆ ಎಂಬಿ ಲೆಕ್ಕದಲ್ಲಿ ಬಿಲ್. ಇದೇ ಹೊತ್ತಿಗೆ ಮನೆಯ ಕಂಪ್ಯೂಟರುಗಳು ತಾವಾಗಿಯೇ ಅಪ್‌ಡೇಟ್ ಇಳಿಸಿಕೊಳ್ಳಲು ಕಲಿತಿದ್ದವು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ದಾಟುವ ಕುತಂತ್ರಾಂಶ, ಲೋಕದ ತುಂಬ ಹರಡಿದ ಮೇಲೆ ಅಪ್‌ಡೇಟ್ ಮಾಡದಿರುವುದು ಅಪಾಯ ಎಂಬುದು ಎಲ್ಲರಿಗೂ ಅರ್ಥವಾಗಿತ್ತು. ಮರುವರ್ಷ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟ್ ಕಂತೆಯ ಪೂರ್ಣ ಕಡತ ಸುಮಾರು 270 ಎಂಬಿ. 256 ಕೆಬಿಪಿಎಸ್‌ನಲ್ಲಿ ಅದನ್ನು ಇಳಿಸಲು ಎರಡೂಕಾಲು ಗಂಟೆ ಮೀರಿ ಬೇಕು, ಸಣ್ಣ ಯೋಜನೆಯವರ ತಿಂಗಳ ಮಿತಿಯ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಸುರಕ್ಷಿತವಾಗಿರಬೇಕೆಂದರೆ ಹಣ ಕೊಡಬೇಕು ಎಂಬ ಸ್ಥಿತಿ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳನ್ನು ಜನ ಕೈಯಿಂದ ಕೈಗೆ ದಾಟಿಸುತ್ತಿದ್ದದ್ದು ಇದೇ ಕಾರಣಕ್ಕೆ.

ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಡೌನ್‌ಲೋಡ್ ಲೆಕ್ಕಕ್ಕಿಲ್ಲ ಎಂಬ ಸೌಲಭ್ಯ ಕೆಲವು ಯೋಜನೆಗಳಲ್ಲಿತ್ತು. ಅದಕ್ಕಾಗಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದ ರಾತ್ರಿಗಳು ನನಗೆ ನೆನಪಿವೆ. ಬಳಕೆದಾರರ ನಡುವೆ ಒಂದು ಕಟ್ಟುನಿಟ್ಟು ಬೆಳೆದಿತ್ತು: ಎರಡು ಗಂಟೆ ಐದು ನಿಮಿಷಕ್ಕೆ ಮೋಡೆಮ್ ಆರಿಸಿ ಮತ್ತೆ ಹಚ್ಚಬೇಕು, ಎಂಟಕ್ಕೆ ಐದು ನಿಮಿಷ ಇರುವಾಗಲೇ ಆರಿಸಬೇಕು. ಹಳೆಯ ಸಂಪರ್ಕವೇ ಮುಂದುವರಿದರೆ ಹಗಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂಬ ಭಯ.

2007ರ ಮಳೆಗಾಲದಲ್ಲಿ ನಮ್ಮ ಮನೆಯ ಸಂಪರ್ಕ ದಿನಕ್ಕೆ ಹತ್ತು ಸಲ ಕಡಿಯುತ್ತಿತ್ತು. ಮೋಡೆಮ್ ಮೇಲೆ ಸಂಪರ್ಕ ಇದೆಯೆಂದು ತೋರಿಸುವ ಡಿಎಸ್‌ಎಲ್ ದೀಪ ಮಿಟುಕತೊಡಗಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಯಾರಾದರೂ ಫೋನ್ ಮಾಡಿದರಂತೂ ರಿಂಗಾದ ಕ್ಷಣವೇ ದೀಪ ಆರುತ್ತಿತ್ತು. ಹೊರಗಿನ ತಂತಿಗೆ ನೀರು ಇಳಿದಿದೆ ಎಂದೇ ನಾವೆಲ್ಲ ನಂಬಿದ್ದೆವು. ಲೈನ್‌ಮ್ಯಾನ್ ಬಂದರು, ಕಂಬಳಿ ಕೊಪ್ಪೆ ಕೆಳಗಿಟ್ಟರು, ಟೆಸ್ಟ್ ಫೋನಿನ ಎರಡು ಕ್ಲಿಪ್ಪುಗಳನ್ನು ಗೋಡೆಯ ಡಬ್ಬಿಯ ತಿರುಪುಗಳಿಗೆ ಕಚ್ಚಿಸಿ ಕಿವಿಗಿಟ್ಟುಕೊಂಡರು. ಹೊರಗಿನಿಂದ ಬಂದ ತಂತಿಯಲ್ಲಿ ಒಂದು ಚೂರೂ ಕರಕರ ಇರಲಿಲ್ಲ. ಬಳಿಕ ಅಡುಗೆಮನೆಯ ಕಡೆಗೆ ಎಳೆದಿದ್ದ ಎಕ್ಸ್‌ಟೆನ್ಷನ್ ತಂತಿಯನ್ನು ಬಿಚ್ಚಿದರು. ದೀಪ ಸ್ಥಿರವಾಗಿ ನಿಂತಿತು, ಮತ್ತೆ ಮಿಟುಕಲಿಲ್ಲ.

ಅವರು ವಿವರಿಸಿದ್ದು ಇಷ್ಟು. ನಮ್ಮ ಮಾತು ತಂತಿಯಲ್ಲಿ 4 ಕಿಲೋಹರ್ಟ್ಸ್‌ಗಿಂತ ಕೆಳಗೆ ಹೋಗುತ್ತದೆ, ಇಂಟರ್ನೆಟ್ 25 ಕಿಲೋಹರ್ಟ್ಸ್‌ಗಿಂತ ಮೇಲೆ. ಎರಡನ್ನೂ ಬೇರ್ಪಡಿಸಲು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಬೇಕು. ಮನೆಯ ಮುಂಭಾಗದ ಫೋನಿಗೆ ಅದು ಇತ್ತು. ಸ್ಪ್ಲಿಟರ್‌ಗೆ ಮುಂಚೆಯೇ ಕವಲೊಡೆದು ಅಡುಗೆಮನೆಗೆ ಹೋದ ತಂತಿಗೆ ಇರಲಿಲ್ಲ. 'ಮೊದಲು ಒಳಗಿನದನ್ನು ಬಿಚ್ಚಿ ನೋಡಿ, ಆಮೇಲೆ ಹೊರಗಿನದನ್ನು ಬೈಯಿರಿ' ಎಂದರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ, ಐದು ಕಿಲೋಮೀಟರ್ ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ ಎಂಬುದನ್ನೂ ನನಗೆ ತಿಳಿಸಿದವರು ಅವರೇ. ಯಾವ ಜಾಹೀರಾತಿನಲ್ಲೂ ಆ ಮಾತು ಇರಲಿಲ್ಲ.

ಮುಂದಿನ ಘಟ್ಟಗಳು ಬೇಗ ಬೇಗ ಬಂದವು. ಬೆಂಗಳೂರಿನಂಥ ನಗರಗಳಲ್ಲಿ ಕೇಬಲ್ ಟಿ.ವಿ.ಯವರ ಹಾದಿಯಲ್ಲೇ ಇಂಟರ್ನೆಟ್ ತಂತಿ ಮರದಿಂದ ಮರಕ್ಕೆ, ತಾರಸಿಯಿಂದ ತಾರಸಿಗೆ ಹಾಯಿತು. 'ಅನ್‌ಲಿಮಿಟೆಡ್' ಎಂಬ ಪದ ಬಂತು, ಅದರ ಬೆನ್ನಿಗೇ ನ್ಯಾಯಯುತ ಬಳಕೆಯ ಮಿತಿ ಎಂಬ ಷರತ್ತೂ ಬಂತು. ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದು ಟ್ರಾಯ್ 2012ರಲ್ಲಿ ಹೇಳಿತು. 2016ರಲ್ಲಿ ಸ್ಥಿರ ಸಂಪರ್ಕಗಳಿಗೆ ಆ ಇಳಿದ ವೇಗವೂ 512 ಕೆಬಿಪಿಎಸ್‌ಗಿಂತ ಕಡಿಮೆ ಇರಬಾರದು ಎಂದಿತು. 2012ರ ರಾಷ್ಟ್ರೀಯ ದೂರಸಂಪರ್ಕ ನೀತಿ ಕನಿಷ್ಠ ವೇಗವನ್ನು 2015ರೊಳಗೆ 2 ಎಂಬಿಪಿಎಸ್‌ಗೆ ಏರಿಸುವ ಮಾತು ಕೊಟ್ಟಿತ್ತು. ಅದು ನಡೆದದ್ದು 2023ರ ಜನವರಿಯಲ್ಲಿ, ಏಳೆಂಟು ವರ್ಷ ತಡವಾಗಿ. ಅಷ್ಟರಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಮೊಬೈಲ್ ಡೇಟಾದ ಬೆಲೆ ಕುಸಿದಿತ್ತು, 2019ರಲ್ಲಿ ಅದರ ಮನೆ ಫೈಬರ್ ಸೇವೆ 100 ಎಂಬಿಪಿಎಸ್‌ನಿಂದಲೇ ಶುರುವಾಗಿತ್ತು. ಮಾರುಕಟ್ಟೆಯ ಅಂಕಿ ಆಕಾಶಕ್ಕೆ ಏರಿತು, ನಿಯಮದ ಅಂಕಿ ನೆಲದಲ್ಲೇ ಉಳಿಯಿತು. ಮಾರುಕಟ್ಟೆ ತಲುಪದ ಊರುಗಳಲ್ಲಿ ಗ್ರಾಹಕರನ್ನು ಕಾಯಬೇಕಾದದ್ದು ನಿಯಮವೇ ಅಲ್ಲವೇ?

ತಾಮ್ರ ಹೋಗಿ ಫೈಬರ್ ಬಂದಾಗ ವೇಗದ ಜೊತೆ ಇನ್ನೂ ಎರಡು ಬದಲಾವಣೆಗಳಾದವು, ಅವುಗಳ ಬಗ್ಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಹಳೆಯ ಸ್ಥಿರ ದೂರವಾಣಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು. ಜೋರು ಮಳೆಗೆ ಮೂರು ದಿನ ಕರೆಂಟ್ ಹೋದರೂ ಫೋನ್ ಮಾತನಾಡುತ್ತಿತ್ತು. ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ. ಫೈಬರ್ ಬಂದು ಸೇರುವ ಮನೆಯ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಎರಡನೆಯದು ದುರಸ್ತಿ. ತುಂಡಾದ ತಾಮ್ರವನ್ನು ಬ್ಲೇಡು ಮತ್ತು ಟೇಪಿನಿಂದ ಕೂಡಿಸಬಹುದಿತ್ತು. ತಲೆಗೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಬೆಸೆಯಲು ದುಬಾರಿ ಯಂತ್ರ ಬೇಕು, ಆ ಯಂತ್ರ ಪ್ರತಿ ಊರಿನಲ್ಲಿ ಇರುವುದಿಲ್ಲ. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದರು. ಯಾವ ಮನೆಯ ತಂತಿ ಯಾವ ಮರದ ಮೇಲೆ ಹೋಗಿದೆ ಎಂದು ನೆನಪಿಟ್ಟುಕೊಂಡಿದ್ದ ಎಷ್ಟೋ ಜನ ಅವರಲ್ಲಿದ್ದರು.

ಅದಾದ ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಮಲೆನಾಡು, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿ, ಟಾರ್ಪಾಲಿನ ಕೆಳಗೆ ಕುಳಿತು ಪಾಠ ಕೇಳಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಮನೆಯಲ್ಲಿ ಸಂಪರ್ಕ ಇದ್ದವರಿಗೆ ಆಗ ಮೊದಲ ಬಾರಿಗೆ ಅಪ್‌ಲೋಡ್ ಎಂಬುದರ ಬೆಲೆ ಗೊತ್ತಾಯಿತು. ಮೇಷ್ಟ್ರ ಮುಖ ಇಲ್ಲಿಗೆ ಬರುವುದು ಡೌನ್‌ಲೋಡ್, ಮಗುವಿನ ಉತ್ತರ ಅಲ್ಲಿಗೆ ಹೋಗುವುದು ಅಪ್‌ಲೋಡ್. ತಾಮ್ರದ ತಂತಿಯ ಎಡಿಎಸ್‌ಎಲ್ ತಂತ್ರಜ್ಞಾನದ ಮೊದಲ ಅಕ್ಷರವೇ 'ಅಸಮ' ಎಂಬುದನ್ನು ಸೂಚಿಸುತ್ತದೆ. ಅದು ಕೊಡುವುದಕ್ಕಿಂತ ಪಡೆಯುವುದಕ್ಕಾಗಿಯೇ ಮಾಡಿದ ಹಾದಿ. 2021ರಲ್ಲಿ ಟ್ರಾಯ್ ಸ್ಥಿರ ಬ್ರಾಡ್‌ಬ್ಯಾಂಡನ್ನು ವೇಗದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸಲು ಶಿಫಾರಸು ಮಾಡಿತು: 2ರಿಂದ 50 ಎಂಬಿಪಿಎಸ್, 50ರಿಂದ 300, ಅದಕ್ಕೂ ಮೇಲೆ. ಆ ದರ್ಜೆಗಳ ಅಳತೆಯೂ ಡೌನ್‌ಲೋಡೇ.

ಈಗ ಮನೆಯೊಳಗಿನ ಮಾತು. ಲೈನ್‌ಮ್ಯಾನ್ ಹೇಳಿದ ಕ್ರಮ ಫೈಬರ್ ಕಾಲಕ್ಕೂ ಒಪ್ಪುತ್ತದೆ. ವೇಗ ಕಡಿಮೆ ಅನ್ನಿಸಿದರೆ ವೈ-ಫೈ ಬಿಟ್ಟು ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಲ್ಲಿ ನೇರವಾಗಿ ರೂಟರ್‌ಗೆ ಸಿಕ್ಕಿಸಿ ಅಳೆಯಬೇಕು. ಅಲ್ಲಿ ಪೂರ್ತಿ ಬಂದರೆ ತೊಂದರೆ ಗಾಳಿಯಲ್ಲಿದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಎಲ್ಲ ರೂಟರ್‌ಗಳೂ ಅದರಲ್ಲೇ ಕಿಕ್ಕಿರಿದಿರುತ್ತವೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಮುಂದೆ ಸೋಲುತ್ತದೆ. 300 ಎಂಬಿಪಿಎಸ್ ಯೋಜನೆ ಇದ್ದೂ ಕೇಬಲ್‌ನಲ್ಲಿ 95ರ ಆಸುಪಾಸಿನಲ್ಲೇ ನಿಂತರೆ ಸೇವಾದಾರರನ್ನು ದೂರುವ ಮೊದಲು ಕಂಪ್ಯೂಟರಿನ ಪೋರ್ಟ್ ನೋಡಬೇಕು. ಹಳೆಯ ಯಂತ್ರಗಳ ಪೋರ್ಟ್ 100ಕ್ಕೆ ಮೀರಿದ್ದಲ್ಲ. ಕೇಬಲ್‌ನ ಎಂಟು ಎಳೆಗಳಲ್ಲಿ ನಾಲ್ಕನ್ನೇ ಜೋಡಿಸಿದ್ದರೂ ಇದೇ ಕಥೆ. ಸಂಜೆ ಹೊತ್ತಿಗೆ ಮಾತ್ರ ನಿಧಾನವಾದರೆ ಹಾದಿ ಹಂಚಿಕೆಯಾಗಿದೆ ಎಂದರ್ಥ: ಬಹಳಷ್ಟು ಕಡೆ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕೇ ಬರುತ್ತಿಲ್ಲ. ಆಗ ಒಮ್ಮೆ ಗೋಡೆಯ ಬಳಿ ಫೈಬರಿನ ಹಳದಿ ತಂತಿ ಚೂಪಾಗಿ ಮಡಚಿಕೊಂಡಿದೆಯೇ ನೋಡಿ, ಇಲ್ಲವಾದರೆ ರೂಟರನ್ನು ಆರಿಸಿ ಹಚ್ಚುವುದರಲ್ಲಿ ಹೊತ್ತು ಕಳೆಯದೆ ದೂರು ಕೊಡಬೇಕು.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಹೊಸ ಗುಣಮಟ್ಟದ ನಿಯಮಗಳು ಗ್ರಾಹಕರ ಈ ಕಾಯುವಿಕೆಗೆ ಒಂದು ಗಟ್ಟಿ ಲೆಕ್ಕ ಇಟ್ಟಿವೆ ಎನ್ನಿಸುತ್ತದೆ. ಹಣ ಕಟ್ಟಿದ ಏಳು ಕೆಲಸದ ದಿನಗಳೊಳಗೆ ಸಂಪರ್ಕ ಕೊಡಬೇಕು. ಸ್ಥಿರ ಸಂಪರ್ಕದ ದೋಷ ಸರಿಯಾಗಲು ಮೂರು ದಿನ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೂ ಪ್ರೀಪೇಯ್ಡ್ ಗ್ರಾಹಕರಿಗೂ ಪರಿಹಾರ ಸಲ್ಲಬೇಕು. ಆದ್ದರಿಂದ ಬಾಯಿಮಾತಿನಲ್ಲಿ, ತಂತಿ ಹಾಕಿದ ಹುಡುಗನ ಮೊಬೈಲಿಗೆ ಹೇಳಿ ಸುಮ್ಮನಾಗಬೇಡಿ. ಸಹಾಯವಾಣಿಗೆ ಅಥವಾ ಕಂಪನಿಯ ಆ್ಯಪ್‌ನಲ್ಲಿ ದೂರು ದಾಖಲಿಸಿ, ಡಾಕೆಟ್ ಸಂಖ್ಯೆ (ದೂರಿನ ಗುರುತು ಸಂಖ್ಯೆ) ಕೇಳಿ, ತಾರೀಖು ಮತ್ತು ಗಂಟೆಯ ಸಮೇತ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೂರು ದಿನದ ಲೆಕ್ಕ ಶುರುವಾಗುವುದು ಆ ಸಂಖ್ಯೆಯಿಂದ.